ಊಟ ಬಿಟ್ಟ ಮೀನಿಗೆ ಗಾಳ: ಸಾಕೈ ಸಾಲ್ಮನ್ ಹಿಡಿಯುವ ಬಗೆ

ಗಾಳಕ್ಕೆ ಎರೆಹುಳು ಸಿಕ್ಕಿಸಿ, ಮೀನು ಬಂದು ಕಚ್ಚುವವರೆಗೆ ದಡದಲ್ಲಿ ಕಾದು ಕೂರುವುದು ನಮಗೆಲ್ಲ ತಿಳಿದಿರುವ ಮೀನುಗಾರಿಕೆ. ಆದರೆ ಆಹಾರವನ್ನೇ ತೊರೆದಿರುವ ಮೀನನ್ನು ಗಾಳದಿಂದ ಹಿಡಿಯುವುದು ಹೇಗೆ? ಅಮೆರಿಕದ ಅಲಾಸ್ಕಾ ರಾಜ್ಯದ ಕೀನೈ ನದಿಯ ದಡದಲ್ಲಿ ಪ್ರತಿವರ್ಷ ಜುಲೈ ತಿಂಗಳಲ್ಲಿ ಸಾವಿರಾರು ಮಂದಿ ಮೊಣಕಾಲುದ್ದದ ಕೊರೆಯುವ ನೀರಿನಲ್ಲಿ ಸಾಲಾಗಿ ನಿಂತು ಮಾಡುವುದು ಇದನ್ನೇ. ಅವರ ಗುರಿ ಸಾಕೈ ಎಂಬ ಜಾತಿಯ ಸಾಲ್ಮನ್ ಮೀನು.

ಸಾಕೈ ಹುಟ್ಟುವುದು ಸಿಹಿನೀರಿನಲ್ಲಿ, ಬಲಿಯುವುದು ಸಮುದ್ರದಲ್ಲಿ. ಮರಿಗಳು ಸಾಮಾನ್ಯವಾಗಿ ಒಂದೆರಡು ವರ್ಷ ಸರೋವರದಲ್ಲಿ ಬೆಳೆದು ಪೆಸಿಫಿಕ್ ಸಾಗರಕ್ಕೆ ಇಳಿಯುತ್ತವೆ. ಅಲ್ಲಿ ಎರಡು-ಮೂರು ವರ್ಷ ಕಳೆದು, ಹುಟ್ಟಿದ ನೀರಿನ ವಾಸನೆಯ ಜಾಡು ಹಿಡಿದು ಅದೇ ನದಿಗೆ ಮರಳುತ್ತವೆ. ಸಮುದ್ರದಲ್ಲಿರುವಾಗ ಅವು ಹೆಚ್ಚಾಗಿ ತಿನ್ನುವುದು ನೀರಿನಲ್ಲಿ ತೇಲುವ, ಸಣ್ಣ ಸಿಗಡಿಯಂತಹ ಜೀವಿಗಳನ್ನು. ಮಾಂಸದ ಕಡುಗೆಂಪು ಬಣ್ಣಕ್ಕೂ ಅದೇ ಆಹಾರ ಕಾರಣ. ನದಿಯನ್ನು ಹೊಕ್ಕ ಮೇಲೆ ಅವು ಊಟ ಬಿಡುತ್ತವೆ. ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸುತ್ತ ಪ್ರವಾಹದ ವಿರುದ್ಧ ಈಜಿ, ಮೊಟ್ಟೆಯಿಟ್ಟು, ಸಾಯುತ್ತವೆ. ಮುಂಗಾರಿನ ಮೊದಲ ಮಳೆಗೆ ಹಳ್ಳದಲ್ಲಿ ಮೇಲಕ್ಕೇರುವ ‘ಹತ್ತುಮೀನು’ ಮಲೆನಾಡಿನವರಿಗೆ ಗೊತ್ತು. ಹತ್ತುಮೀನು ಮತ್ತೆ ಹೊಳೆಗಿಳಿದು ಬದುಕಬಹುದು; ಸಾಕೈಗೆ ಎರಡನೆಯ ಯಾತ್ರೆ ಇಲ್ಲ.

ಹಸಿವಿಲ್ಲದ ಮೀನಿಗೆ ಎರೆ ತೋರಿಸಿ ಪ್ರಯೋಜನವಿಲ್ಲ. ಆದ್ದರಿಂದ ಕೀನೈ ಮೀನುಗಾರರು ನಂಬುವುದು ಮೀನಿನ ದಾರಿಯನ್ನು. ಶಕ್ತಿ ಉಳಿಸಬೇಕಾದ ಸಾಕೈ ನಡುಹೊಳೆಯ ರಭಸವನ್ನು ತಪ್ಪಿಸಿ, ಸೆಳವು ಕಡಿಮೆಯಿರುವ ದಡದ ಅಂಚಿನಲ್ಲಿ, ತಳಕ್ಕೆ ಹತ್ತಿರವಾಗಿ ಹಿಂಡುಹಿಂಡಾಗಿ ಸಾಗುತ್ತದೆ. ಅದಕ್ಕೆ ಎರಡು-ಮೂರು ಅಡಿ ಆಳ ಸಾಕು. ಹೊಸಬರು ಎಡವುವುದು ಇಲ್ಲಿಯೇ. ಇಷ್ಟು ದೊಡ್ಡ ನದಿಯಲ್ಲಿ ಮೀನು ದೂರದಲ್ಲಿಯೇ ಇರಬೇಕೆಂದು ಭಾವಿಸಿ, ಸೊಂಟದ ಮಟ್ಟದ ನೀರಿಗಿಳಿದು ಗಾಳವನ್ನು ದೂರಕ್ಕೆ ಎಸೆಯುತ್ತಾರೆ. ಮೀನು ಅವರ ಬೆನ್ನ ಹಿಂದೆ ಹಾದುಹೋಗುತ್ತದೆ. ಇಲ್ಲವೇ ಬೆದರಿ ನಡುಹೊಳೆಗೆ ಸರಿಯುತ್ತದೆ. ಆಗ ಅಕ್ಕಪಕ್ಕದವರ ಬೈಗುಳವನ್ನೂ ಕೇಳಬೇಕಾಗುತ್ತದೆ.

ಸಲಕರಣೆ ಸರಳ. ಗಟ್ಟಿಯಾದ ಗಾಳದ ಕೋಲು, ಬಲವಾದ ದಾರ, ದಾರಕ್ಕೆ ಒಂದು ಸೀಸದ ಗುಂಡು, ಗುಂಡಿನಿಂದ ಮುಂದೆ ಕೆಲವು ಅಡಿ ತುಂಡುದಾರ, ಅದರ ತುದಿಯಲ್ಲಿ ಬಣ್ಣದ ನೂಲು ಸುತ್ತಿದ ಒಂದೇ ಗಾಳ. ಇದನ್ನು ಮೇಲ್ಹರಿವಿನ ಕಡೆಗೆ ಓರೆಯಾಗಿ, ಕೆಲವೇ ಮಾರು ದೂರಕ್ಕೆ ಬೀಸುತ್ತಾರೆ. ಗುಂಡು ತಳದ ಕಲ್ಲುಗಳನ್ನು ತಟ್ಟುತ್ತ ಹರಿವಿನೊಂದಿಗೆ ಸಾಗಬೇಕು. ತಟ್ಟದಿದ್ದರೆ ಗುಂಡು ಹಗುರವಾಯಿತೆಂದೂ, ಒಂದೆಡೆ ನಿಂತೇಬಿಟ್ಟರೆ ಭಾರವಾಯಿತೆಂದೂ ತಿಳಿಯಬೇಕು. ದಾರ ಎದುರಿಗೆ ಬಂದು ಕೆಳಹರಿವಿನತ್ತ ತಿರುಗಿದಾಗ ಕೋಲನ್ನು ದಡದ ಕಡೆಗೆ ಸೆಳೆದು, ಮತ್ತೆ ಬೀಸುತ್ತಾರೆ. ಹೀಗೆ ನಿಮಿಷಕ್ಕೆ ಹಲವು ಬಾರಿ, ಗಂಟೆಗಟ್ಟಲೆ.

ಉಸಿರಾಟಕ್ಕಾಗಿ ಮೀನು ಬಾಯಿಯನ್ನು ತೆರೆದು ಮುಚ್ಚುತ್ತಲೇ ಇರುತ್ತದೆ. ಅಡ್ಡಲಾಗಿ ತೇಲಿಬರುವ ದಾರ ತೆರೆದ ಬಾಯಿಗೆ ಸಿಲುಕಿ ಜಾರುತ್ತದೆ; ಕೊನೆಗೆ ಗಾಳ ದವಡೆಯ ಹೊರಬದಿಯಲ್ಲಿ ನೆಡುತ್ತದೆ. ಹಲ್ಲಿನ ಸಂದಿಯಲ್ಲಿ ದಾರ ಎಳೆದು ಶುಚಿಗೊಳಿಸುವ ಅಭ್ಯಾಸವನ್ನು ನೆನೆದು ಇದಕ್ಕೆ ‘ಫ್ಲಾಸಿಂಗ್’ ಎಂಬ ಹೆಸರಿಟ್ಟಿದ್ದಾರೆ.

ಇದು ಗಾಳ ಹಾಕುವುದೋ, ಮೀನನ್ನು ಚುಚ್ಚಿ ಎಳೆಯುವುದೋ ಎಂಬ ಜಗಳ ಅಲ್ಲಿ ಹಳೆಯದು. ಸಾಕೈ ಕೆರಳಿ ಕಚ್ಚುತ್ತದೆ ಎಂದು ವಾದಿಸುವವರಿದ್ದಾರೆ. ಅದು ಪೂರ್ತಿ ಸುಳ್ಳಲ್ಲ. ಸರೋವರಗಳಲ್ಲಿ ದೋಣಿಯ ಹಿಂದೆ ನಿಧಾನವಾಗಿ ಎಳೆದ ಬಣ್ಣದ ಗಾಳವನ್ನು ಅದು ಕಚ್ಚುವುದುಂಟು. ಆದರೆ ಹೊರಗಿನಿಂದ ಒಳಮುಖವಾಗಿ ದವಡೆಗೆ ನೆಟ್ಟ ಗಾಳ ಬೇರೆಯೇ ಕಥೆ ಹೇಳುತ್ತದೆ. ಅಲಾಸ್ಕಾದ ಕಾನೂನು ಮೀನಿನ ಮನಸ್ಸನ್ನು ವಿಚಾರಿಸಲು ಹೋಗುವುದಿಲ್ಲ, ಗಾಳ ನೆಟ್ಟ ಜಾಗವನ್ನು ನೋಡುತ್ತದೆ. ಬಾಯಿಯಲ್ಲಿದ್ದರೆ ಮೀನು ನಿಮ್ಮದು. ಬೆನ್ನಿಗೋ ಹೊಟ್ಟೆಗೋ ನೆಟ್ಟಿದ್ದರೆ ಒಡನೆಯೇ ನೀರಿಗೆ ಬಿಡಬೇಕು. ತತ್ವದ ಪ್ರಶ್ನೆಗೆ ಇದು ಉತ್ತರವಲ್ಲ. ಆದರೂ ದಡದಲ್ಲಿ ನಿಂತ ಅಧಿಕಾರಿ ಕಣ್ಣಿನಿಂದಲೇ ಪರೀಕ್ಷಿಸಬಹುದಾದ ನಿಯಮ ಎಂಬ ಗುಣ ಇದಕ್ಕಿದೆ.

ಹಿಡಿದ ಮೀನಿನ ಕಿವಿರನ್ನು ಕೂಡಲೇ ಕೊಯ್ದು ರಕ್ತ ಹರಿಸುತ್ತಾರೆ. ಇಲ್ಲವಾದರೆ ಮಾಂಸ ಕೆಡುತ್ತದೆ. ಉಪನದಿಯಾದ ರಷ್ಯನ್ ರಿವರ್ ಬಳಿ ಕರಡಿಗಳೂ ಇದೇ ಮೀನಿಗಾಗಿ ಬರುವುದರಿಂದ, ಶುಚಿಮಾಡಿ ಉಳಿದ ಭಾಗವನ್ನು ಚೂರುಚೂರು ಮಾಡಿ ಸೆಳವಿರುವ ನೀರಿಗೆ ಎಸೆಯಬೇಕೆಂಬ ಸೂಚನೆಯಿದೆ.

ಗಾಳ ಬೇಡವೆನ್ನುವವರಿಗೆ ಕೈಬಲೆ ಇದೆ. ಉದ್ದನೆಯ ಹಿಡಿಗೆ ಐದು ಅಡಿ ಮೀರದ ಬಳೆ, ಬಳೆಗೆ ಬಲೆ. ಕೀನೈ ನದಿ ಸಮುದ್ರ ಸೇರುವಲ್ಲಿ, ಸಾಮಾನ್ಯವಾಗಿ ಜುಲೈ 10ರಿಂದ 31ರವರೆಗೆ, ಅಲಾಸ್ಕಾದ ನಿವಾಸಿಗಳಿಗೆ ಮಾತ್ರ ಇದಕ್ಕೆ ಅವಕಾಶ. ಬಲೆಯನ್ನು ನೀರಿನಲ್ಲಿ ನಿಲ್ಲಿಸಿ ಹಿಡಿದರೆ, ಮೀನು ತಾನಾಗಿ ಬಂದು ಡಿಕ್ಕಿ ಹೊಡೆಯುತ್ತದೆ. ಆ ಕ್ಷಣವೇ ಬಲೆಯನ್ನು ಮಗುಚಿ ದಡಕ್ಕೆ ಎಳೆಯಬೇಕು. ಕುಟುಂಬದ ಯಜಮಾನನಿಗೆ 25 ಮೀನು, ಉಳಿದ ಪ್ರತಿ ಸದಸ್ಯರಿಗೆ 10. ಇದು ಮನೆಯ ಊಟಕ್ಕೆ ಮಾತ್ರ. ಮಾರಾಟ ತಡೆಯಲು ಪ್ರತಿ ಮೀನಿನ ಬಾಲದ ಎರಡೂ ತುದಿಗಳನ್ನು ಕತ್ತರಿಸಿ ಗುರುತು ಮಾಡಬೇಕು.

ಕಾಪರ್ ನದಿಯ ಚಿಟಿನಾದಲ್ಲಿ ಇದೇ ಕೆಲಸ ಪ್ರಾಣಕ್ಕೆ ಕುತ್ತು ತರುವಂಥದ್ದು. ಹಿಮನದಿಯ ಕೆಸರು ತುಂಬಿದ ಆ ನೀರಿನ ರಭಸಕ್ಕೆ ಹೆದರಿ, ಬಂಡೆಯಂಚಿನಲ್ಲಿ ನಿಲ್ಲುವವರು ಸೊಂಟಕ್ಕೆ ಹಗ್ಗ ಬಿಗಿದು ದಡಕ್ಕೆ ಕಟ್ಟಿಕೊಳ್ಳುತ್ತಾರೆ. ಅಲ್ಲಿಯೇ ಮೀನುಚಕ್ರವನ್ನೂ ಕಾಣಬಹುದು. ತೆಪ್ಪದ ಮೇಲೆ ಕೂರಿಸಿದ ಈ ಚಕ್ರ ನೀರಿನ ಬಲದಿಂದಲೇ ತಿರುಗುತ್ತ, ಬುಟ್ಟಿಗಳಿಂದ ಮೀನನ್ನು ಮೊಗೆದು ಪೆಟ್ಟಿಗೆಗೆ ಜಾರಿಸುತ್ತದೆ. ಕಾವಲಿಗೆ ಆಳೂ ಬೇಡ. ಈ ಸಾಮರ್ಥ್ಯವೇ ಅದಕ್ಕೆ ಮುಳುವಾಯಿತು: ಕೊಲಂಬಿಯಾ ನದಿಯಲ್ಲಿ ಇಂತಹ ಚಕ್ರಗಳನ್ನು ಆರೆಗಾನ್ ರಾಜ್ಯದ ಮತದಾರರು 1926ರಲ್ಲಿ, ವಾಷಿಂಗ್ಟನ್ ರಾಜ್ಯದವರು 1934ರಲ್ಲಿ ನಿಷೇಧಿಸಿದರು.

ಮೊಟ್ಟೆಯಿಡುವ ಮೊದಲೇ ಹಿಡಿದ ಪ್ರತಿ ಮೀನೂ ಮುಂದಿನ ಪೀಳಿಗೆಯಿಂದ ಕಳೆದ ಲೆಕ್ಕ. ಆದ್ದರಿಂದ ಕೀನೈ ನದಿಮುಖದಿಂದ ಸುಮಾರು 30 ಕಿ.ಮೀ. ಮೇಲೆ ಸೋನಾರ್ ಯಂತ್ರದಿಂದ ಮೀನು ಎಣಿಸುತ್ತಾರೆ. ಸಾಕಷ್ಟು ಮೀನು ಮೇಲೇರಿದರೆ ಗಾಳದವರ ದಿನದ ಮಿತಿಯನ್ನು ಮೂರರಿಂದ ಹೆಚ್ಚಿಸುವುದುಂಟು.

ಆದರೆ ಸಾಕೈ ಎಷ್ಟೇ ಇದ್ದರೂ ಜೊತೆಗೆ ಬರುವ ಬೇರೆ ಮೀನಿನ ಪಾಡೇನು? ನದಿಯ ಹೊರಗೆ, ಕುಕ್ ಇನ್ಲೆಟ್ ಕೊಲ್ಲಿಯ ಪೂರ್ವ ದಡದಲ್ಲಿ ವೃತ್ತಿಪರರು ಕಟ್ಟುವ ಬಲೆ ನೀರಿನಲ್ಲಿ ಗೋಡೆಯಂತೆ ನಿಲ್ಲುತ್ತದೆ. ಮೀನು ಬಲೆಯ ಕಣ್ಣಿಗೆ ತಲೆ ತೂರಿಸಿ ಕಿವಿರಿನ ಬಳಿ ಸಿಕ್ಕಿಕೊಳ್ಳುತ್ತದೆ. ಬಿಡಿಸುವಷ್ಟರಲ್ಲಿ ಬಹುತೇಕ ಸತ್ತಿರುತ್ತದೆ. ಕಿಂಗ್ ಸಾಲ್ಮನ್ ಎಂಬ ದೊಡ್ಡ ಜಾತಿ ತೀರ ಕ್ಷೀಣಿಸಿದ್ದರಿಂದ 2023ರಲ್ಲಿ ಈ ಬಲೆಗಾರರ ಇಡೀ ಋತುವೇ ರದ್ದಾಯಿತು. ಕಣ್ಣೆದುರೇ ಸಾಕೈ ಹಿಂಡು ಹಾದುಹೋಗುತ್ತಿದ್ದರೂ ಅವರು ಬಲೆ ಇಳಿಸುವಂತಿರಲಿಲ್ಲ. 2024ರಲ್ಲಿ ಅವರಿಗೆ ಅನುಮತಿ ದೊರೆತದ್ದು ಕೈಬಲೆಗೆ: ಅದರಲ್ಲಿ ಕಿಂಗ್ ಸಾಲ್ಮನ್ ಬಿದ್ದರೆ ಜೀವಂತ ಬಿಡಬಹುದು.