ಮುಚ್ಚಿದ ಕೋಣೆಯ ಮಾತು

ಮನೋಚಿಕಿತ್ಸಕರ ಕೋಣೆಯಲ್ಲಿ ಏನು ನಡೆಯುತ್ತದೆಂಬುದು ಬಹುಕಾಲ ಹೊರಗಿನವರಿಗೆ ಗುಟ್ಟಾಗಿಯೇ ಇತ್ತು. ಅಲ್ಲಿಗೆ ಹೋದವರಿಗೆ ಹುಚ್ಚರೆಂಬ ಹಣೆಪಟ್ಟಿ ಅಂಟಲು ಈ ಗುಟ್ಟೂ ಒಂದು ಕಾರಣ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1942ರಲ್ಲಿ ಒಬ್ಬ ವ್ಯಕ್ತಿಯ ಎಂಟು ಭೇಟಿಗಳ ಮಾತುಕತೆಯನ್ನು ಧ್ವನಿಮುದ್ರಿಕೆಗಳಿಂದ ಇಳಿಸಿ, ಹೆಸರು ಮರೆಸಿ, ಅಕ್ಷರಶಃ ತಮ್ಮ ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಮಾಟಮಂತ್ರವೇನೂ ಇರಲಿಲ್ಲ. ಇದ್ದದ್ದು ಬರೀ ಮಾತು.

ಹೆಸರನ್ನೇನೋ ಮರೆಸಬಹುದು, ಮುಖವನ್ನು? 1964ರಲ್ಲಿ ಗ್ಲೋರಿಯಾ ಎಂಬ ವಿಚ್ಛೇದಿತ ಮಹಿಳೆ ರೋಜರ್ಸ್, ಫ್ರಿಟ್ಸ್ ಪರ್ಲ್ಸ್, ಆಲ್ಬರ್ಟ್ ಎಲಿಸ್ ಈ ಮೂವರೊಡನೆ ಬೇರೆ ಬೇರೆಯಾಗಿ ಕ್ಯಾಮೆರಾದ ಮುಂದೆ ಮಾತನಾಡಿದರು. ಅಪ್ಪನನ್ನು ಬಿಟ್ಟ ಮೇಲೆ ಬೇರೆ ಗಂಡಸರ ಸಂಗ ಮಾಡಿದ್ದೀಯಾ ಎಂದು ಒಂಬತ್ತು ವರ್ಷದ ಮಗಳು ಕೇಳಿದಾಗ ಸುಳ್ಳು ಹೇಳಿದ್ದು ಆಕೆಯನ್ನು ಕೊರೆಯುತ್ತಿತ್ತು. ರೋಜರ್ಸ್ ತೀರ್ಪು ಕೊಡಲಿಲ್ಲ, ಕೇಳಿಸಿಕೊಂಡರು. ಈ ಸಂಕಟ ತನ್ನದೂ ಹೌದು ಎನಿಸಿದ ನೋಡುಗರ ನಾಚಿಕೆ ಕರಗೀತು, ನಿಜ. ಆದರೆ ಪಾಠಕ್ಕೆಂದು ತೆಗೆದ ಚಿತ್ರ ಮುಂದೆ ಟೆಲಿವಿಷನ್ನಿನಲ್ಲೂ ಬಂತು. ತಾಯಿಯೇನೋ ಕ್ಯಾಮೆರಾಕ್ಕೆ ಒಪ್ಪಿದ್ದರು. ಮಾತಿನಲ್ಲಿ ಸಿಕ್ಕಿಕೊಂಡ ಮಗಳ ಒಪ್ಪಿಗೆಗೆ ಆ ವಯಸ್ಸಿನಲ್ಲಿ ಅರ್ಥವಾದರೂ ಏನು? ಗ್ಲೋರಿಯಾ 1979ರಲ್ಲಿ ತೀರಿಕೊಂಡರು. ಆ ಚಿತ್ರಗಳೊಡನೆ ಬಾಳಿದ ಬಗೆಯನ್ನು ಮಗಳು 2008ರಲ್ಲಿ ತಾವೇ ಪುಸ್ತಕವಾಗಿ ಬರೆದರು.