ಮಡ್ಡಿಗಲ್ಲಿನ ಮೇಲೊಂದು ಜೋಡಿ ಸಂಸಾರ

ಮಸಾಲಿ ಖಾರ ಕುಟ್ಟಿಸುವ ಹೊತ್ತಿಗೆ ವಿಜಯಪುರ ಸೀಮೆಯ ಮನೆಗಳಲ್ಲಿ ಒಣಮೆಣಸಿನಕಾಯಿ, ಒಣಕೊಬ್ಬರಿ, ಕೊತ್ತಂಬರಿ ಕಾಳಿನ ಜತೆ ಇನ್ನೊಂದು ಸಣ್ಣ ಪೊಟ್ಟಣ ಬಿಚ್ಚಿಕೊಳ್ಳುತ್ತದೆ. ಒಳಗಿರುವುದು ಸುಟ್ಟ ಕಾಗದದಂಥ ಚಕ್ಕೆ. ಮೇಲೆ ಬೂದು, ಕೆಳಗೆ ಕಪ್ಪು. ಹೆಸರು ದಗಡಹೂವು, ಕಲ್ಲುಹೂವು. ಆದರೆ ಅದು ಹೂವೂ ಅಲ್ಲ, ಎಲೆಯೂ ಅಲ್ಲ. ಪರ್ಮೋಟ್ರೀಮಾ ಮತ್ತು ಅದರ ನೆಂಟ ಕುಲಗಳ ಲೈಕೆನ್. ಹಿಮಾಲಯದ ಕಾಡುಗಳ ಮರದ ತೊಗಟೆಯಿಂದ ಕಿತ್ತು, ಒಣಗಿಸಿ, ಸಂತೆಯಿಂದ ಸಂತೆಗೆ ದಾಟಿ ಬಂದದ್ದು.

ಮಂಜು, ನೆರಳು ಬೇಡುವ ಆ ಅಗಲ ಚಕ್ಕೆಗೆ ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆಯ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಒಗ್ಗುವುದು ಕಷ್ಟ. ಹಾಗೆಂದು ಈ ಸೀಮೆ ಲೈಕೆನ್‌ಗೆ ಎರವಾಗಿಲ್ಲ. ಬಿಸಿಲಿಗೆ ಬದುಕಬಲ್ಲವು ಕಲ್ಲಿಗೆ ಸುಣ್ಣ ಬಳಿದಷ್ಟು ತೆಳುವಾಗಿ ಮೈಯೊತ್ತಿ ಕೂತಿರುತ್ತವೆ. ನಾವು ಅವನ್ನು ಕಲ್ಲಿನ ಬಣ್ಣವೆಂದೇ ತಿಳಿದು ದಾಟಿ ಹೋಗುತ್ತೇವೆ.

ಲೈಕೆನ್ ಒಂದು ಜೀವವಲ್ಲ, ಸಂಸಾರ. ಶಿಲೀಂಧ್ರ ಮನೆ ಕಟ್ಟಿ ನೀರು ಹಿಡಿದಿಡುತ್ತದೆ. ಒಳಗಿರುವ ಪಾಚಿ ಅಥವಾ ನೀಲಿ-ಹಸಿರು ಬ್ಯಾಕ್ಟೀರಿಯಾ ಬಿಸಿಲಲ್ಲಿ ಅಡುಗೆ ಮಾಡುತ್ತದೆ. 1867ರಲ್ಲಿ ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಸೈಮನ್ ಶ್ವೆಂಡೆನರ್ ಹೀಗೆಂದಾಗ ಲೈಕೆನ್ ಪಂಡಿತರೇ ಒಪ್ಪಿರಲಿಲ್ಲ. ಎಲ್ಲಿ, ಯಾವುದು ಬೆಳೆಯಬೇಕೆಂಬುದನ್ನು ಈ ಅಡುಗೆಯ ಪಾಲುದಾರರೂ ನಿರ್ಧರಿಸುತ್ತಾರೆ. ಹಸಿರು ಪಾಚಿಗೆ ನಸುಕಿನ ತೇವದ ಗಾಳಿಯೇ ಸಾಕು. ನೀಲಿ-ಹಸಿರು ಬ್ಯಾಕ್ಟೀರಿಯಾಕ್ಕೆ ನೀರೇ ತಾಗಬೇಕು. ಪೆಲ್ಟುಲಾದಂಥ ಒಣನಾಡಿನ ಲೈಕೆನ್‌ಗಳು ಬಂಡೆಯ ಮೇಲೆ ಮಳೆನೀರು ಇಳಿದ ಜಾಡನ್ನೇ ಹಿಡಿಯುವುದು ಅದಕ್ಕೆ.

ವರ್ಷವರ್ಷ ಹರಗುವ, ಬೇಸಿಗೆಯಲ್ಲಿ ಬಾಯಿಬಿಡುವ ಎರಿ ಹೊಲದಲ್ಲಿ ಅವಕ್ಕೆ ನೆಲೆಯಿಲ್ಲ. ಹುಡುಕಬೇಕಾದ್ದು ಮಡ್ಡಿಯಲ್ಲಿ, ಒಡ್ಡಿನ ಕಲ್ಲಲ್ಲಿ, ಊರಿನ ಹಳೇ ಹುಡೇದ ಗೋಡೆಯಲ್ಲಿ. ಭೀಮೆಯ ಕಡೆಯ ಇಂಡಿ, ಸಿಂದಗಿಗಳಲ್ಲಿ ಸಿಗುವುದು ಸುಮಾರು 6.6 ಕೋಟಿ ವರ್ಷ ಹಿಂದೆ ಲಾವಾ ಹರಿದು ಗಟ್ಟಿಯಾದ ಕರಿಗಲ್ಲು. ಕೃಷ್ಣೆಯತ್ತ ಇಳಿದು ಮುದ್ದೇಬಿಹಾಳ ಸೇರಿದರೆ ಕಲ್ಲೇ ಬದಲಾಗುತ್ತದೆ: ತಾಳಿಕೋಟಿ ಕಡೆ ಸುಣ್ಣಗಲ್ಲು, ದಕ್ಷಿಣಕ್ಕೆ ಗ್ರಾನೈಟು. ಕಲ್ಲು ಬದಲಾದರೆ ಒಕ್ಕಲೂ ಬದಲು. ಸುಣ್ಣಗಲ್ಲಿಗೆ ಒಲಿಯುವುದು ಗ್ರಾನೈಟಿಗೆ ಸಾಮಾನ್ಯವಾಗಿ ಒಲಿಯದು. ಸುಣ್ಣಗಲ್ಲಿನ ಕೆಲವು ಲೈಕೆನ್‌ಗಳಂತೂ ಕಲ್ಲಿನೊಳಗೇ ಇಳಿದು ಬದುಕುತ್ತವೆ. ಹೊರಗೆ ಕಾಣುವುದು ಬೀಜಕಣ ಹೆರುವ ಕರಿ ಚುಕ್ಕೆ ಮಾತ್ರ.

ಮರದ ಲೈಕೆನ್ ಕಂಡರೆ ರೈತರಿಗೆ ಗಾಬರಿ. ಜಿಐ ಮಾನ್ಯತೆ ಪಡೆದ ಇಂಡಿ ನಿಂಬೆಯ ತೋಟದವರು ಇದನ್ನು ಗಮನಿಸಬೇಕು: ಹಳೇ ಕಾಂಡದ ಮೇಲಿನ ಬೂದು ಲೈಕೆನ್ ತೇಪೆ ರೋಗವಲ್ಲ. ಅದು ತೊಗಟೆಯ ಮೇಲೆ ಕೂರುತ್ತದೆಯೇ ಹೊರತು ಗಿಡದ ರಸ ಹೀರುವುದಿಲ್ಲ. ಅದಕ್ಕಾಗಿ ಔಷಧ ಹೊಡೆಯುವುದು ದುಡ್ಡು ದಂಡ.

ಬೇರಿಲ್ಲದ ಲೈಕೆನ್‌ಗೆ ಗಾಳಿ, ಮಳೆ ತಂದದ್ದೇ ಊಟ. ಆ ಗಾಳಿಯಲ್ಲಿ ಗಂಧಕದ ಹೊಗೆ ಇದ್ದರೆ ನಾಜೂಕಿನವು ಮೊದಲು ಸಾಯುತ್ತವೆ, ಗಟ್ಟಿಗವು ಉಳಿಯುತ್ತವೆ. 1866ರಲ್ಲೇ ಲೈಕೆನ್ ಪಂಡಿತ ವಿಲಿಯಂ ನೈಲಾಂಡರ್ ಪ್ಯಾರಿಸ್ಸಿನ ಉದ್ಯಾನವೊಂದರ ಲೈಕೆನ್‌ಗಳನ್ನು ನೋಡಿ, ಇವು ಗಾಳಿಯ ಶುದ್ಧಿ ಅಳೆಯುವ ಮಾಪಕ ಎಂದಿದ್ದ. ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ ಕಲ್ಲಿದ್ದಲು ಉರಿಸುವ 2,400 ಮೆಗಾವಾಟ್ ವಿದ್ಯುತ್ ಸ್ಥಾವರವಿದೆ. ಸುತ್ತಲಿನ ಬೇವು, ಮಾವಿನ ಕಾಂಡದಲ್ಲಿ ಯಾವ ಲೈಕೆನ್ ಇದೆ ಎಂದು ಶಾಲೆಯ ಮಕ್ಕಳು ವರ್ಷಕ್ಕೊಮ್ಮೆ ಫೋಟೊ ತೆಗೆದಿಟ್ಟರೂ ಅದೊಂದು ಖರ್ಚಿಲ್ಲದ ದಾಖಲೆ.

ನೋಡುವುದಕ್ಕೆ ಬೇಕಾದ್ದು ಒಂದು ಭೂತಗನ್ನಡಿ, ಒಂದು ಚೆಂಬು ನೀರು. ಒಡ್ಡಿನ ಕಲ್ಲಿನ ಒಣ ತೇಪೆಯ ಮೇಲೆ ನಾಲ್ಕು ಹನಿ ಚಿಮುಕಿಸಿ ಕೂತರೆ, ಬೂದಿಯೊಳಗಿಂದ ನಿಧಾನಕ್ಕೆ ಹಸಿರು ಮೂಡುತ್ತದೆ. ಇಂಥವುಗಳಲ್ಲಿ ಎಷ್ಟೋ ಬೆಳೆಯುವುದು ವರ್ಷಕ್ಕೆ ಒಂದು ಮಿ.ಮೀ.ನಷ್ಟು, ಕೆಲವು ಅದಕ್ಕೂ ಕಡಿಮೆ. ಜೆಸಿಬಿ ತರಿಸಿ ಒಡ್ಡು ಕೀಳಿಸುವ ಮುನ್ನ ಇಷ್ಟು ನೆನಪಿರಲಿ: ಅಂಗೈಯಗಲದ ಆ ತೇಪೆ ಹೊಲದ ಯಜಮಾನನಿಗಿಂತ ಹಿರಿಯನಿರಬಹುದು.