ನಿಂತ ಗಾಲಿ, ನಿಲ್ಲದ ಕಾರು

ಮಕ್ಕಳೇ, ನಿಪ್ಪಾಣಿಯ ಹತ್ತಿರ ತವಂದಿ ಘಾಟ್ ಇಳಿಯುವಾಗ ಬಸ್ಸಿನ ಕಿಟಕಿಯಿಂದ ಹೆದ್ದಾರಿಯನ್ನು ಗಮನಿಸಿ. ಡಾಂಬರಿನ ಮೇಲೆ ಉದ್ದನೆಯ ಕಪ್ಪು ಗೆರೆಗಳು ಕಾಣಬಹುದು. ಅದು ಬಣ್ಣವಲ್ಲ, ಟೈರಿನ ರಬ್ಬರು! ಚಾಲಕರು ಗಕ್ಕನೆ ಬ್ರೇಕ್ ಒತ್ತಿದಾಗ ಗಾಲಿ ತಿರುಗುವುದು ನಿಂತಿದೆ, ಆದರೆ ವಾಹನ ನಿಂತಿಲ್ಲ. ಇದಕ್ಕೆ ಗಾಲಿ 'ಲಾಕ್' ಆಯಿತು ಎನ್ನುತ್ತಾರೆ.

ಒಂದು ಪ್ರಯೋಗ ಮಾಡೋಣ. ಹೊಸ ಸೀಮೆಸುಣ್ಣದ ಕಡ್ಡಿಯನ್ನು ಒರಟು ನೆಲದ ಮೇಲೆ ಅಂಗೈಯಿಂದ ಉರುಳಿಸಿ. ಅದು ಅಷ್ಟಾಗಿ ಸವೆಯುವುದಿಲ್ಲ. ಈಗ ಅದನ್ನೇ ಉರುಳದಂತೆ ಅಡ್ಡಲಾಗಿ ಬಿಗಿಹಿಡಿದು, ನೆಲಕ್ಕೆ ಒತ್ತಿ ನಾಲ್ಕೈದು ಬಾರಿ ಎಳೆಯಿರಿ. ಕೆಳಬದಿ ಚಪ್ಪಟೆಯಾಯಿತಲ್ಲವೆ? ಮತ್ತೆ ಉರುಳಿಸಿ ನೋಡಿ, ಕಡ್ಡಿ ಕುಂಟುತ್ತದೆ.

ಕಾರಿನ ಟೈರಿನದೂ ಇದೇ ಕಥೆ. ಒಂದು ಟೈರು ರಸ್ತೆಯನ್ನು ಮುಟ್ಟುವ ಜಾಗ ಹೆಚ್ಚುಕಡಿಮೆ ದೊಡ್ಡವರ ಅಂಗೈಯಷ್ಟು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಣ್ಣ ಕಾರಿನ ಗಾಲಿ ಸೆಕೆಂಡಿಗೆ ಸುಮಾರು 9 ಸುತ್ತು ಉರುಳುತ್ತದೆ. ಟೈರಿನ ಎಲ್ಲ ಭಾಗಗಳೂ ಸರದಿಯಂತೆ ನೆಲ ಮುಟ್ಟಿ ಮೇಲೇಳುತ್ತವೆ. ಹದವಾಗಿ ಬ್ರೇಕ್ ಒತ್ತಿದರೆ ಉಜ್ಜಾಟ ನಡೆಯುವುದು ಹೆಚ್ಚಾಗಿ ಗಾಲಿಯೊಳಗಿನ ಡ್ರಮ್ ಅಥವಾ ಡಿಸ್ಕಿನಲ್ಲಿ. ಕಾರಿನ ಚಲನಶಕ್ತಿ ಅಲ್ಲಿ ಶಾಖವಾಗುತ್ತದೆ. ಅವು ಲೋಹದವು, ಶಾಖವನ್ನು ತಾಳಿಕೊಳ್ಳುತ್ತವೆ.

ಗಾಲಿ ಲಾಕ್ ಆದರೆ? ಡ್ರಮ್ಮು, ಡಿಸ್ಕಿಗೆ ಕೆಲಸವೇ ಇಲ್ಲ! ಉಜ್ಜಾಟವೆಲ್ಲ ಅಂಗೈಯಗಲದ ಅದೇ ರಬ್ಬರಿಗೆ. ಅದು ಕಾದು, ಮೆತ್ತಗಾಗಿ, ಹರಿದು ರಸ್ತೆಗೆ ಮೆತ್ತಿಕೊಳ್ಳುತ್ತದೆ. ಸುಟ್ಟ ವಾಸನೆ ಬರುತ್ತದೆ. ಟೈರಿನಲ್ಲಿ ಚಪ್ಪಟೆ ಜಾಗ ಉಳಿದು, ಪ್ರತಿ ಸುತ್ತಿಗೂ ಕಾರು ಅದುರುತ್ತದೆ. ಸವೆತ ಒಳಗಿನ ನೂಲಿನ ಪದರದವರೆಗೆ ಹೋದರೆ ಟೈರು ಸಿಡಿಯಲೂಬಹುದು. ಇನ್ನೂ ದೊಡ್ಡ ಅಪಾಯವೆಂದರೆ, ಮುಂದಿನ ಗಾಲಿಗಳು ಲಾಕ್ ಆದಾಗ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರು ನೇರವಾಗಿಯೇ ಜಾರುತ್ತದೆ.

ಇದನ್ನು ತಪ್ಪಿಸಲು ಹೊಸ ಕಾರುಗಳಲ್ಲಿ 'ಎಬಿಎಸ್' ಎಂಬ ವ್ಯವಸ್ಥೆಯಿದೆ. ಗಾಲಿ ನಿಲ್ಲುವ ಸೂಚನೆ ಸಿಕ್ಕ ಕೂಡಲೇ ಅದು ಬ್ರೇಕನ್ನು ಸಡಿಲಿಸಿ ಮತ್ತೆ ಬಿಗಿಮಾಡುತ್ತದೆ. ಸೆಕೆಂಡಿಗೆ ಹಲವು ಬಾರಿ! ಸೈಕಲ್ಲಿಗೆ ಈ ಸೌಲಭ್ಯವಿಲ್ಲ. ಅಥಣಿಯಲ್ಲಾಗಲಿ ಕಾಗವಾಡದಲ್ಲಾಗಲಿ, ಜೋರಾಗಿ ಬಂದು ಹಿಂದಿನ ಬ್ರೇಕ್ ಹಿಡಿದು ಸರ್ರನೆ ಸೈಕಲ್ ಜಾರಿಸುವ ಆಟ ಯಾರಿಗೆ ಗೊತ್ತಿಲ್ಲ? ನಿಮ್ಮ ಸೈಕಲ್ಲಿನ ಹಿಂದಿನ ಟೈರು ಒಂದೇ ಕಡೆ ಬೋಳಾಗಿದೆಯೇ, ನೋಡಿ.

ರೈಲಿನ ಉಕ್ಕಿನ ಗಾಲಿಗೂ ಇದು ತಪ್ಪಿದ್ದಲ್ಲ. ರಾಯಬಾಗ ಅಥವಾ ಚಿಕ್ಕೋಡಿ ರೋಡ್ ನಿಲ್ದಾಣದಲ್ಲಿ ದೂರ ನಿಂತು, ಹಾದುಹೋಗುವ ಗೂಡ್ಸ್ ರೈಲಿಗೆ ಕಿವಿಗೊಡಿ. ಹಳಿಯ ಜೋಡಣೆಯ ಸದ್ದು ಒಂದೇ ಜಾಗದಿಂದ ಬರುತ್ತದೆ. ಚಪ್ಪಟೆಯಾದ ಗಾಲಿಯ 'ಟಕ್ ಟಕ್' ಮಾತ್ರ ಬೋಗಿಯ ಜೊತೆಗೇ ಓಡುತ್ತದೆ.